ಸಭೆಯವರೊಬ್ಬರ ಮಾತು ನೆರೆಯವರನ್ನು ನೋಯಿಸಿದಾಗ ನಾವೇನು ಮಾಡಬೇಕು?

ಪ್ರಶ್ನೆ (ಹುಬ್ಬಳ್ಳಿ):
ಎಲ್ಲರಿಗೂ ಕರ್ತನ ನಾಮದಲ್ಲಿ ವಂದನೆಗಳು. ನಮ್ಮಲ್ಲಿ ನಡೆದ ಉಜ್ಜೀವನ ಕೂಟದಲ್ಲಿ ಹೊರಗಿನಿಂದ ಬಂದಿದ್ದ ಪ್ರಸಂಗಿಯೊಬ್ಬರು ಬಸವ ಜಯಂತಿಯ ಮೆರವಣಿಗೆಯ ಬಗ್ಗೆ ಹಗುರವಾಗಿ ಮಾತನಾಡಿದ್ದು, ಆ ತುಣುಕು ಈಗ ವಾಟ್ಸಾಪ್‌ನಲ್ಲಿ ಹರಿದಾಡುತ್ತಿದೆ. ನಮ್ಮ ಓಣಿಯಲ್ಲಿ ಹೆಚ್ಚಿನವರು ಲಿಂಗಾಯತರು. ಕ್ರಿಸ್‌ಮಸ್‌ಗೆ ತಪ್ಪದೆ ನಮ್ಮ ಮನೆಗೆ ಬರುವವರು. ಬಹಿರಂಗವಾಗಿ ಖಂಡಿಸಬೇಕೆಂದು ಯುವಕರು ಹೇಳಿದರೆ, ಮತ್ತಾಯ ೧೮:೧೫ರಂತೆ ಅವರೊಬ್ಬರಿಗೇ ತಿಳಿಹೇಳಿದರೆ ಸಾಕೆಂದು ಹಿರಿಯರು ಹೇಳುತ್ತಾರೆ. ಯಾವುದು ಸರಿ?

ಉತ್ತರ ೧ (ಧಾರವಾಡ):
ಮತ್ತಾಯನ ಆ ವಚನ ಸಹೋದರರಿಬ್ಬರ ನಡುವಿನ ತಪ್ಪಿಗೆ ಸಂಬಂಧಿಸಿದ್ದು. ಮೈಕಿನ ಮುಂದೆ ಆಡಿದ ಮಾತಿಗೆ ಅದನ್ನೇ ಅನ್ವಯಿಸುವುದು ಕಷ್ಟ. ಅಂತಿಯೋಕ್ಯದಲ್ಲಿ ಅನ್ಯಜನರೊಂದಿಗೆ, ಅಂದರೆ ಯೆಹೂದ್ಯರಲ್ಲದವರೊಂದಿಗೆ, ಊಟ ಮಾಡುತ್ತಿದ್ದ ಪೇತ್ರನು ಯೆರೂಸಲೇಮಿನವರು ಬಂದೊಡನೆ ಹಿಂಜರಿದು ದೂರ ಸರಿದಾಗ, ಬಾರ್ನಬನೂ ಅವನ ಹಿಂದೆ ಹೋದದ್ದನ್ನು ಕಂಡು ಪೌಲನು ಎಲ್ಲರ ಮುಂದೆಯೇ ಅವನನ್ನು ಪ್ರಶ್ನಿಸಿದನು (ಗಲಾತ್ಯ ೨:೧೧-೧೪). ತಪ್ಪು ಎಷ್ಟು ಜನರನ್ನು ಮುಟ್ಟಿತೋ ತಿದ್ದುಪಡಿಯೂ ಅಷ್ಟು ಜನರಿಗೆ ಕೇಳಿಸಬೇಕು. ಆದರೂ ಹಿರಿಯರ ಮೇಲಿನ ದೂರನ್ನು ಇಬ್ಬರು ಮೂವರು ಸಾಕ್ಷಿಗಳಿಲ್ಲದೆ ಒಪ್ಪಬಾರದೆಂದು ೧ ತಿಮೊಥೆಯ ೫:೧೯ ಹೇಳುವುದರಿಂದ, ಕೂಟದಲ್ಲಿ ಕುಳಿತು ಕೇಳಿದವರನ್ನು ಮೊದಲು ವಿಚಾರಿಸಿರಿ.

ಉತ್ತರ ೨ (ಗದಗ):
ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಎಫೆಸದಲ್ಲಿ ಅಪೊಲ್ಲೋಸನು ಸಭಾಮಂದಿರದಲ್ಲಿ ಬಹಿರಂಗವಾಗಿಯೇ ಬೋಧಿಸಿದ್ದನು. ಆದರೂ ಪ್ರಿಸ್ಕಿಲ್ಲಳೂ ಅಕ್ವಿಲನೂ ಅವನನ್ನು ತಮ್ಮ ಬಳಿಗೆ ಕರೆದುಕೊಂಡು ದೇವರ ಮಾರ್ಗವನ್ನು ಇನ್ನೂ ಸರಿಯಾಗಿ ವಿವರಿಸಿದರು (ಅಪೊಸ್ತಲರ ಕೃತ್ಯಗಳು ೧೮:೨೬). ಕತ್ತರಿಸಿದ ತುಣುಕನ್ನು ನೋಡಿ ತೀರ್ಪು ಕೊಡುವವರು, ಪೂರ್ತಿ ಕೇಳುವ ಮೊದಲೇ ಉತ್ತರ ಕೊಡುವುದು ಮೂರ್ಖತನವೆನ್ನುವ ಜ್ಞಾನೋಕ್ತಿ ೧೮:೧೩ನ್ನು ಒಮ್ಮೆ ಓದಲಿ.

ಉತ್ತರ ೧ರವರು ಮತ್ತೆ:
ಅಪೊಲ್ಲೋಸನ ತಿಳಿವಳಿಕೆ ಅಪೂರ್ಣವಾಗಿತ್ತೇ ಹೊರತು ಅವನು ಯಾರನ್ನೂ ಹೀಯಾಳಿಸಿರಲಿಲ್ಲ. ಇಲ್ಲಿ ನೊಂದವರು ನಮ್ಮ ಸಭೆಯ ಹೊರಗಿದ್ದಾರೆ. ನಾವು ಒಳಗೊಳಗೇ ಪ್ರಸಂಗಿಗೆ ಬುದ್ಧಿ ಹೇಳಿದ್ದು ಅವರಿಗೆ ಗೊತ್ತಾಗುವುದಾದರೂ ಹೇಗೆ?

ಉತ್ತರ ೩ (ಹಾವೇರಿ):
ಯುವಕರ ಆವೇಶದಲ್ಲಿ ನನಗೊಂದು ಅನುಮಾನವಿದೆ. ಖಂಡನೆಯನ್ನು ಬರೆಯುವುದು ನೊಂದವರಿಗಾಗಿಯೋ, ‘ನಾವು ಅಂಥವರಲ್ಲ’ ಎಂದು ತೋರಿಸಿಕೊಳ್ಳುವುದಕ್ಕೋ? ವೇದಿಕೆ ಕೊಟ್ಟವರು ಕೂಟದ ಸಂಘಟಕರಾದ್ದರಿಂದ ಲಿಖಿತ ಹೇಳಿಕೆ ಅವರಿಂದಲೇ, ಪ್ರಸಂಗಿಯ ಹೆಸರಿಗೆ ಮಸಿ ಬಳಿಯದೆ, ಆ ಮಾತನ್ನು ಮಾತ್ರ ನಿರಾಕರಿಸುವಂತೆ ಬರಲಿ. ನೀವು ನಿಮ್ಮ ಓಣಿಯ ಮನೆಗಳಿಗೆ ಹೋಗಿ ಮುಖಾಮುಖಿ ಮಾತನಾಡಿರಿ. ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಮೊದಲು ಸಮಾಧಾನ ಮಾಡಿಕೋ ಎಂಬ ಮತ್ತಾಯ ೫:೨೩-೨೪ರ ಆಜ್ಞೆಯನ್ನು ಇಲ್ಲಿ ನೆನೆಯಬೇಕು.

ಇನ್ನೊಂದು ಮಾತು, ವಿಷಯದಿಂದ ತುಸು ಆಚೆಗಿನದು. ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆ ಧಾರವಾಡಕ್ಕೆ ಬಂದದ್ದು ೧೮೩೭ರಲ್ಲಿ; ಆ ಮಿಷನ್ನಿನವರೇ ಆದ ಕಿಟ್ಟೆಲ್ ಅವರು ಜೈನಕವಿ ನಾಗವರ್ಮನ ಛಂದಸ್ಸಿನ ಗ್ರಂಥ ‘ಛಂದೋಂಬುಧಿ’ಯನ್ನು ೧೮೭೫ರಲ್ಲಿ ಸಂಪಾದಿಸಿ ಪ್ರಕಟಿಸಿದರು. ಅನ್ಯಧರ್ಮದ ಕವಿಯ ಕೃತಿಯನ್ನು ಅವರು ಅಷ್ಟು ಶ್ರದ್ಧೆಯಿಂದ ಓದಿರುವಾಗ, ಬಸವಣ್ಣನವರ ಬಗ್ಗೆ ವೇದಿಕೆಯಲ್ಲಿ ಮಾತನಾಡುವವರು ಕನಿಷ್ಠ ಹತ್ತು ವಚನಗಳನ್ನಾದರೂ ಓದಿರಬೇಕೆಂದು ನಿರೀಕ್ಷಿಸುವುದು ಅತಿಯಲ್ಲ. ಕೂಟದ ಪೂರ್ಣ ಧ್ವನಿಮುದ್ರಣ ಸಂಘಟಕರ ಬಳಿ ಇದ್ದರೆ, ಹೇಳಿಕೆಯನ್ನು ಬರೆಯುವ ಮೊದಲು ಹಿರಿಯರೂ ಯುವಕರೂ ಒಟ್ಟಿಗೆ ಕುಳಿತು ಅದನ್ನು ಕೇಳಲಿ.