ಹಳೆಯ ಗಟ್ಟಿ ಲ್ಯಾಪ್‌ಟಾಪ್‌ಗಳಿಗೆ ಹಗುರ ಲಿನಕ್ಸ್: ಒಂದೇ ಪೆನ್‌ಡ್ರೈವ್ ಒಂದರಲ್ಲಿ ಏಳುತ್ತದೆ, ಇನ್ನೊಂದರಲ್ಲಿ ಏಳುವುದಿಲ್ಲ

ಪ್ರಶ್ನೆ – ದಾವಣಗೆರೆಯಿಂದ

ಎಲ್ಲರಿಗೂ ನಮಸ್ಕಾರ. ದಾವಣಗೆರೆಯ ಎಪಿಎಂಸಿ ಪ್ರಾಂಗಣದ ಹತ್ತಿರ ನಮ್ಮದೊಂದು ಮೆಕ್ಕೆಜೋಳ ಖರೀದಿಯ ಅಂಗಡಿ ಇದೆ. ತೂಕದ ಲೆಕ್ಕಕ್ಕೆಂದು ಇಟ್ಟಿದ್ದ ಸಾಮಾನ್ಯ ಲ್ಯಾಪ್‌ಟಾಪ್‌ಗಳು ಜೋಳದ ಹೊಟ್ಟು, ಧೂಳಿಗೆ ಎರಡು ಸುಗ್ಗಿಯನ್ನೂ ತಾಳಲಿಲ್ಲ. ಕೀಲಿಗಳ ಸಂದಿಯಲ್ಲೆಲ್ಲ ಧೂಳು ತುಂಬಿ, ಫ್ಯಾನ್ ಕಟ್ಟಿಕೊಂಡು, ಕೊನೆಗೆ ನಿಂತೇ ಹೋದವು. ಅದಕ್ಕಾಗಿ ಈ ಸಲ ಫ್ಯಾನ್ ಇಲ್ಲದ, ಪ್ರತಿಯೊಂದು ಪೋರ್ಟಿಗೂ ಮುಚ್ಚಳವಿರುವ ಪ್ಯಾನಸಾನಿಕ್ ಟಫ್‌ಬುಕ್ ಸಿಎಫ್-30 ಲ್ಯಾಪ್‌ಟಾಪ್‌ಗಳನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ಎರಡು ಕೊಂಡಿದ್ದೇನೆ.

ಎರಡೂ ನೋಡಲು ಅವಳಿ ಮಕ್ಕಳಂತಿವೆ. ಮಾರಿದವರೂ ಎರಡೂ ಒಂದೇ ಎಂದೇ ಹೇಳಿದ್ದರು. ಡೆಬಿಯನ್ ಎಂಬ ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯ 12ನೇ ಬಿಡುಗಡೆಯ 64 ಬಿಟ್ ಆವೃತ್ತಿಯನ್ನು ಪೆನ್‌ಡ್ರೈವ್‌ಗೆ ಬರೆದು ಹಚ್ಚಿದಾಗ ಒಂದರಲ್ಲಿ ತೊಂದರೆಯಿಲ್ಲದೆ ಅನುಸ್ಥಾಪನೆಯಾಯಿತು. ಇನ್ನೊಂದರಲ್ಲಿ ಮಾತ್ರ, ಈ ಕರ್ನಲ್‌ಗೆ (ವ್ಯವಸ್ಥೆಯ ತಿರುಳಿಗೆ) ಎಕ್ಸ್86-64 ಪ್ರೊಸೆಸರ್ ಬೇಕು, ಇಲ್ಲಿ ಕಂಡದ್ದು ಐ686 ಎಂಬ ಅರ್ಥದ ಇಂಗ್ಲಿಷ್ ಸಾಲು ಬಂದು ಯಂತ್ರ ಅಲ್ಲಿಗೇ ನಿಲ್ಲುತ್ತದೆ. ಪೆನ್‌ಡ್ರೈವ್ ಕೆಟ್ಟಿರಬಹುದೆಂದು ಮೂರು ಸಲ ಹೊಸದಾಗಿ ಬರೆದು ನೋಡಿದೆ. ವಿಚಿತ್ರವೆಂದರೆ, ಏಳದಿರುವ ಯಂತ್ರದ ವೇಗ 1.66 ಗಿಗಾಹರ್ಟ್ಸ್, ಏಳುವುದರದ್ದು 1.6. ಹಾಗಾದರೆ ಮೊದಲನೆಯದೇ ಹೆಚ್ಚು ಶಕ್ತಿಯದಲ್ಲವೇ?

ಇನ್ನೂ ಎರಡು ತೊಡಕುಗಳಿವೆ. ಅನುಸ್ಥಾಪನೆಯಾದ ಯಂತ್ರದ 9 ಪಿನ್ನಿನ ಹಳೆಯ ಬಗೆಯ ಸೀರಿಯಲ್ ಪೋರ್ಟಿಗೆ ತೂಕದ ಯಂತ್ರವನ್ನು ಜೋಡಿಸಿದರೆ ‘ಅನುಮತಿ ಇಲ್ಲ’ ಎನ್ನುತ್ತದೆ. ರೈತರಿಗೆ ಕೊಡುವ ಚೀಟಿಯನ್ನು ಕನ್ನಡದಲ್ಲೇ ಕೊಡಬೇಕೆಂಬುದು ನನ್ನ ಆಸೆ, ಆದರೆ ನನ್ನ ಕೈಗೆ ರೂಢಿಯಿರುವುದು ‘ನುಡಿ’ ಎಂಬ ಕನ್ನಡ ತಂತ್ರಾಂಶದ ಕೀಲಿಮಣೆ ಮಾತ್ರ. ತಿಳಿದವರು ದಯವಿಟ್ಟು ದಾರಿ ತೋರಿಸಬೇಕು.

ಉತ್ತರ – ಚಿತ್ರದುರ್ಗದಿಂದ

ನಮಸ್ಕಾರ ಸರ್. ನಿಮ್ಮ ಪೆನ್‌ಡ್ರೈವ್‌ನಲ್ಲಿ ದೋಷವಿಲ್ಲ, ಯಂತ್ರವೂ ಕೆಟ್ಟಿಲ್ಲ. ನಮ್ಮ ಊರಿನ ಗುಡ್ಡಗಳ ಮೇಲಿನ ಗಾಳಿಯಂತ್ರಗಳ ನಿರ್ವಹಣೆಯಲ್ಲಿ ಕೆಲವು ವರ್ಷ ಇದೇ ಮಾದರಿಯ ಲ್ಯಾಪ್‌ಟಾಪ್ ಹೊತ್ತು ತಿರುಗಿದವನು ನಾನು. ಈಗ ಎರಡನ್ನೂ ಮಗುಚಿ, ಅಡಿಯಲ್ಲಿ ಅಂಟಿಸಿರುವ ಚೀಟಿಯನ್ನು ಓದಿ. ಸಿಎಫ್-30 ಎಂಬುದರ ಮುಂದೆ ಒಂದು ಅಕ್ಷರವಿರುತ್ತದೆ. ಅದು ‘ಸಿ’ ಆಗಿದ್ದರೆ ಒಳಗಿರುವುದು ಇಂಟೆಲ್ ಕೋರ್ ಡುಯೋ ಎಲ್2400, ‘ಎಫ್’ ಆಗಿದ್ದರೆ ಕೋರ್ 2 ಡುಯೋ ಎಲ್7500. ಇಂಟೆಲ್ ಕಂಪನಿ 2006ರ ಜನವರಿಯಲ್ಲಿ ಹೊರತಂದ ಕೋರ್ ಡುಯೋ ಕೇವಲ 32 ಬಿಟ್‌ನದು, ನಿಮಗೆ ಕಂಡ ಐ686 ಎಂದರೆ ಇದೇ. ಅದೇ ವರ್ಷದ ಜುಲೈನಲ್ಲಿ ಬಂದ ಕೋರ್ 2 ಡುಯೋ 64 ಬಿಟ್ ಅನ್ನೂ ನಡೆಸುತ್ತದೆ. ಹೆಸರಿನಲ್ಲಿ ಒಂದು ‘2’ ಹೆಚ್ಚಾಗಿದೆ ಅಷ್ಟೇ, ಆದರೆ ನಿಮ್ಮ ಸಮಸ್ಯೆಯೆಲ್ಲ ಇರುವುದು ಅಲ್ಲಿಯೇ. ಗಿಗಾಹರ್ಟ್ಸ್ ಅಂಕಿಯನ್ನು ನೋಡಿ ಯಾವುದು ಮೇಲು ಎಂದು ತೀರ್ಮಾನಿಸಬೇಡಿ.

ಇದು ಏಕೆ ಮುಖ್ಯವೆಂದರೆ, 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13ರಲ್ಲಿ 32 ಬಿಟ್ ಯಂತ್ರಗಳಿಗೆ ಕರ್ನಲ್ಲೂ ಇಲ್ಲ, ಅನುಸ್ಥಾಪಕವೂ ಇಲ್ಲ. ಹೀಗಾಗಿ ‘ಸಿ’ ಯಂತ್ರಕ್ಕೆ ಡೆಬಿಯನ್ 12ರ 32 ಬಿಟ್ ಆವೃತ್ತಿಯನ್ನೋ, ಅದರ ಮೇಲೆ ಕಟ್ಟಿದ ಆ್ಯಂಟಿಎಕ್ಸ್ 23 ಅನ್ನೋ ಹಾಕಬೇಕು. ನನ್ನ ಆಯ್ಕೆ ಆ್ಯಂಟಿಎಕ್ಸ್. ಅದರಲ್ಲಿ ದೊಡ್ಡ ಡೆಸ್ಕ್‌ಟಾಪ್ ಇಲ್ಲ, ಐಸ್‌ಡಬ್ಲ್ಯೂಎಂ ಎಂಬ ಪುಟ್ಟ ಕಿಟಕಿ ನಿರ್ವಾಹಕವಿದೆ, 1.5 ಜಿಬಿ ಮೆಮೊರಿಯಲ್ಲಿ ಲೆಕ್ಕದ ಹಾಳೆ ತೆರೆದಿಟ್ಟುಕೊಳ್ಳಲು ಅಡ್ಡಿಯಾಗುವುದಿಲ್ಲ. ಆದರೆ ಒಂದು ಮಾತನ್ನು ಒತ್ತಿ ಹೇಳುತ್ತೇನೆ: ಲಿನಕ್ಸ್ ಎಷ್ಟೇ ಹಗುರವಾಗಿದ್ದರೂ ಇಂದಿನ ಬ್ರೌಸರ್ ಹಗುರವಾಗುವುದಿಲ್ಲ. ಜಿಎಸ್‌ಟಿ, ಬ್ಯಾಂಕಿನ ಕೆಲಸಗಳನ್ನು ‘ಎಫ್’ ಯಂತ್ರದಲ್ಲಿ ಮಾತ್ರ ಮಾಡಿ, ಅದರಲ್ಲಿ ಝಡ್‌ರ‍್ಯಾಮ್ (ಮೆಮೊರಿಯಲ್ಲಿರುವುದನ್ನು ಒತ್ತಿ ಚಿಕ್ಕದಾಗಿಸಿ ಜಾಗ ಉಳಿಸುವ ಸೌಲಭ್ಯ) ಅನ್ನೂ ಚಾಲೂ ಮಾಡಿಕೊಳ್ಳಿ. ‘ಸಿ’ ಯಂತ್ರವನ್ನು ತೂಕಕ್ಕಷ್ಟೇ ಮೀಸಲಿಡಿ.

ಹಳೆಯ ಹಾರ್ಡ್‌ಡಿಸ್ಕ್ ತೆಗೆದು ಸಾಟಾ ಎಸ್‌ಎಸ್‌ಡಿ ಹಾಕಿದರೆ ಆಗುವ ಬದಲಾವಣೆ ಬೇರಾವುದರಿಂದಲೂ ಆಗದು. ಪಕ್ಕದ ಬಾಗಿಲಿನಿಂದ ಹೊರಬರುವ ಡಬ್ಬಿಯೊಳಗೆ ಡಿಸ್ಕ್ ಇರುತ್ತದೆ. ಅದಕ್ಕೆ ಸೇರಿದ ತೆಳು ಪಟ್ಟಿ ಕೇಬಲ್ ಮಡಿಕೆ ಬಿದ್ದರೆ ಹರಿಯುತ್ತದೆ, ಆದ್ದರಿಂದ ನಿಧಾನವಾಗಿ, ಹಗಲು ಬೆಳಕಿನಲ್ಲಿ ಬಿಚ್ಚಿ.

ಉತ್ತರ – ಚಳ್ಳಕೆರೆಯಿಂದ

ಮೇಲಿನವರು ಹೇಳಿದ್ದು ಸರಿಯಾಗಿದೆ. ನಾನು ಸೀರಿಯಲ್ ಪೋರ್ಟಿನ ವಿಷಯ ಹೇಳುತ್ತೇನೆ. ನಮ್ಮ ಎಣ್ಣೆ ಮಿಲ್ಲಿನಲ್ಲಿ ಶೇಂಗಾ ತೂಕಕ್ಕೆ ಇದನ್ನೇ ಬಳಸುತ್ತೇವೆ.

ಅನುಮತಿಯ ತೊಡಕು ಚಿಕ್ಕದು. ಡೆಬಿಯನ್‌ನಲ್ಲಿ ಸೀರಿಯಲ್ ಪೋರ್ಟ್ ‘ಡಯಲ್‌ಔಟ್’ ಎಂಬ ಗುಂಪಿಗೆ ಸೇರಿದೆ. ನಿಮ್ಮ ಬಳಕೆದಾರ ಹೆಸರನ್ನು ಆ ಗುಂಪಿಗೆ ಸೇರಿಸಿ, ಒಮ್ಮೆ ಪೂರ್ತಿ ಲಾಗ್‌ಔಟ್ ಆಗಿ ಮತ್ತೆ ಒಳಬನ್ನಿ. ಹೊರಬಂದು ಒಳಹೋಗದಿದ್ದರೆ ಬದಲಾವಣೆ ಜಾರಿಗೆ ಬರುವುದಿಲ್ಲ. ಆಮೇಲೆ ಸೀರಿಯಲ್ ಪೋರ್ಟಿನ ಮಾತನ್ನು ತೋರಿಸುವ ಮಿನಿಕಾಮ್ ಎಂಬ ತಂತ್ರಾಂಶ ತೆರೆದು, ತೂಕದ ಯಂತ್ರದ ಕೈಪಿಡಿಯಲ್ಲಿರುವ ಬಾಡ್ ದರವನ್ನೇ (ಮಾಹಿತಿ ಕಳಿಸುವ ವೇಗವನ್ನೇ) ಅಲ್ಲಿಯೂ ಇಡಿ. ಅಂಕಿಗಳ ಬದಲು ಅರ್ಥವಿಲ್ಲದ ಗುರುತುಗಳು ಬಂದರೆ ಸಾಮಾನ್ಯವಾಗಿ ದರ ಹೊಂದಿಲ್ಲವೆಂದೇ ತಿಳಿಯಿರಿ. ಏನೂ ಬಾರದೆ ಪರದೆ ಖಾಲಿಯಿದ್ದರೆ ಕೇಬಲ್ ನೋಡಿ: ಲ್ಯಾಪ್‌ಟಾಪ್ ಕಡೆಯ 9 ಪಿನ್‌ಗಳಲ್ಲಿ 2ನೆಯದು ಕೇಳುವುದು, 3ನೆಯದು ಹೇಳುವುದು, 5ನೆಯದು ಗ್ರೌಂಡ್. ಎರಡೂ ಕಡೆಯವರು ಒಂದೇ ತಂತಿಯಲ್ಲಿ ಮಾತನಾಡುತ್ತಿದ್ದರೆ ಕೇಳುವವರು ಯಾರೂ ಇರುವುದಿಲ್ಲ. ಆಗ 2 ಮತ್ತು 3 ಅದಲುಬದಲಾದ ಕೇಬಲ್ ಬೇಕಾಗುತ್ತದೆ. ಮೂರೇ ತಂತಿಯ ಕೇಬಲ್ ಆಗಿದ್ದರೆ ಮಿನಿಕಾಮ್‌ನಲ್ಲಿ ಹಾರ್ಡ್‌ವೇರ್ ಫ್ಲೋ ಕಂಟ್ರೋಲ್ (ಬೇರೆ ತಂತಿಗಳಲ್ಲಿ ಒಪ್ಪಿಗೆ ಬಂದ ಮೇಲಷ್ಟೇ ಕಳಿಸುವ ಏರ್ಪಾಡು) ಆಫ್ ಮಾಡಿ, ಇಲ್ಲದಿದ್ದರೆ ಲ್ಯಾಪ್‌ಟಾಪ್‌ನಿಂದ ಏನನ್ನೂ ಕಳಿಸಲಾಗದು.

ಚಾರ್ಜರ್ ಬಗ್ಗೆಯೂ ಎಚ್ಚರವಿರಲಿ. ಈ ಯಂತ್ರಗಳಿಗೆ ಬೇಕಾದದ್ದು 15.6 ವೋಲ್ಟ್. ಅಂಗಡಿಗಳಲ್ಲಿ ಸುಲಭವಾಗಿ ಸಿಗುವುದು 19 ವೋಲ್ಟಿನದು. ಪಿನ್ ಹೊಂದಿತೆಂದು ಅದನ್ನು ಚುಚ್ಚಬೇಡಿ.

ಉತ್ತರ – ಚಿತ್ರದುರ್ಗದಿಂದ, ಇನ್ನೊಬ್ಬರು

ಕನ್ನಡ ಟೈಪಿಂಗ್‌ಗಾಗಿ ಬೇರೆ ತಂತ್ರಾಂಶ ಹಾಕಿ ಮೆಮೊರಿ ತಿನ್ನಿಸಬೇಕಾಗಿಲ್ಲ. ಲಿನಕ್ಸ್‌ನ ಕೀಲಿಮಣೆ ಪಟ್ಟಿಯಲ್ಲೇ ‘ಕನ್ನಡ, ಕಗಪ’ ಎಂಬ ವಿನ್ಯಾಸ ಮೊದಲಿನಿಂದ ಇದೆ. ನುಡಿಯಲ್ಲಿ ಪಳಗಿದ ಕೈಗೆ ಅದು ಹೊಸದೆನಿಸುವುದಿಲ್ಲ. ಒತ್ತಕ್ಷರಕ್ಕೆ ಇಲ್ಲಿಯೂ ‘ಎಫ್’ ಕೀಲಿಯೇ: ‘ಅಕ್ಕಿ’ ಬರೆಯುವಾಗ ಕ, ಎಫ್, ಕ, ಆಮೇಲೆ ಇಕಾರ. ಲೋಹಿತ್ ಅಥವಾ ನೋಟೋ ಕನ್ನಡ ಫಾಂಟ್ ಹಾಕಿಕೊಳ್ಳಿ, ಲಿಬ್ರೆ ಆಫೀಸ್‌ನ ಭಾಷಾ ಸಿದ್ಧತೆಯಲ್ಲಿ ಸಂಕೀರ್ಣ ಲಿಪಿಯ ಆಯ್ಕೆಯನ್ನು ತೆರೆದು ಕನ್ನಡವನ್ನು ನಿಗದಿಪಡಿಸಿ. ನುಡಿಯ ಹಳೆಯ, ಯೂನಿಕೋಡ್ (ಎಲ್ಲ ಕಂಪ್ಯೂಟರುಗಳಿಗೂ ಸಮಾನವಾದ ಅಕ್ಷರ ಸಂಕೇತ) ಅಲ್ಲದ ಕಡತಗಳು ನಿಮ್ಮಲ್ಲಿದ್ದರೆ ಅವು ಇಲ್ಲಿ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಾಣುತ್ತವೆ. ಅವನ್ನು ಮೊದಲು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಬೇಕು.

ಮರುಬರಹ – ದಾವಣಗೆರೆಯಿಂದ

ಮೂವರಿಗೂ ಮನಸಾರೆ ವಂದನೆಗಳು. ಚೀಟಿಯ ಮೇಲೆ ಜೋಳದ ಹಿಟ್ಟು ಹತ್ತಿತ್ತು. ಒದ್ದೆ ಬಟ್ಟೆಯಿಂದ ಒರೆಸಿದಾಗ ಒಂದರಲ್ಲಿ ‘ಸಿ’, ಇನ್ನೊಂದರಲ್ಲಿ ‘ಎಫ್’ ಸ್ಪಷ್ಟವಾಗಿ ಕಂಡವು. ‘ಸಿ’ ಯಂತ್ರಕ್ಕೆ ಆ್ಯಂಟಿಎಕ್ಸ್ ಹಾಕಿದೆ. ಅದು ಎದ್ದಿತು, ಆದರೆ ಪ್ಯಾಕೇಜ್‌ಗಳನ್ನು ತರಲು ಹೋದಾಗ ಡೆಬಿಯನ್‌ನ ಕಡತಗಳು ಇನ್ನೂ ಊರ್ಜಿತವಾಗಿಲ್ಲ ಎಂಬ ಸಂದೇಶ ಬಂತು, ಬ್ರೌಸರ್ ಪ್ರತಿ ತಾಣವನ್ನೂ ಅಸುರಕ್ಷಿತವೆಂದಿತು. ಅರ್ಧ ದಿನ ನೆಟ್‌ವರ್ಕ್ ಅನ್ನೇ ಶಂಕಿಸಿ ತಡಕಾಡಿದ ಮೇಲೆ ಮೂಲೆಯ ಗಡಿಯಾರದ ಕಡೆ ಕಣ್ಣು ಹೋಯಿತು: ಅದು 2007ರಲ್ಲಿತ್ತು. ಒಳಗಿನ ನಾಣ್ಯದಾಕಾರದ ಬ್ಯಾಟರಿ ಸತ್ತಿದೆ. ಸದ್ಯಕ್ಕೆ ದಿನಾಂಕವನ್ನು ಕೈಯಾರೆ ಸರಿಪಡಿಸಿದ ಕೂಡಲೇ ಎರಡೂ ದೂರುಗಳು ಮಾಯವಾದವು. ಹೊಸ ಬ್ಯಾಟರಿ ಹಾಕಿಸುವವರೆಗೆ ಪ್ರತಿದಿನ ಬೆಳಿಗ್ಗೆ ಮೊದಲು ದಿನಾಂಕ ನೋಡಿಯೇ ಚೀಟಿ ತೆಗೆಯುವಂತೆ ಹುಡುಗರಿಗೆ ಹೇಳಿದ್ದೇನೆ, ಏಕೆಂದರೆ ತಪ್ಪು ದಿನಾಂಕದ ಚೀಟಿ ರೈತರ ಕೈಗೆ ಹೋಗಬಾರದು.

ತೂಕದ ಯಂತ್ರದ ಕೇಬಲ್‌ನಲ್ಲಿ 2 ಮತ್ತು 3 ಅದಲುಬದಲಾಗಬೇಕಿತ್ತು. ಬೆಸುಗೆ ಹಾಕಿಸಿಕೊಂಡು ಬಂದು ಜೋಡಿಸಿ, ಒಂದು ಚೀಲವನ್ನು ತಕ್ಕಡಿಯ ಮೇಲೆ ಇಡಿಸಿದೆ. ಹಮಾಲರು ಚೀಲದಿಂದ ಕೈ ತೆಗೆಯುವವರೆಗೆ ಪರದೆಯ ಮೇಲೆ ಅಂಕಿಗಳು ಓಲಾಡುತ್ತಿದ್ದು, ಆಮೇಲೆ 60.4ರಲ್ಲಿ ನಿಂತವು.