ಫೋರ್ಡ್ ಕ್ರೌನ್ ವಿಕ್ಟೋರಿಯ: ಮನೆಮಂದಿ ಬಿಟ್ಟ ಕಾರನ್ನು ಪೊಲೀಸರು ಏಕೆ ಬಿಡಲಿಲ್ಲ?

ಪ್ರಶ್ನೆ – ಹಳೆಗಾಡಿ

ಅಮೆರಿಕದ ದೊಡ್ಡ ಸೆಡಾನ್‌ಗಳ ಇತಿಹಾಸವನ್ನು ಓದುತ್ತಿರುವ ನನಗೆ ಫೋರ್ಡ್ ಕ್ರೌನ್ ವಿಕ್ಟೋರಿಯದ ವಿಷಯದಲ್ಲಿ ಒಂದು ಸಂಗತಿ ಬಗೆಹರಿಯುತ್ತಿಲ್ಲ. 1979ರ ಮಾದರಿ ವರ್ಷದಲ್ಲಿ ಬಂದ, ಫೋರ್ಡಿನ ದೊಡ್ಡ ಕಾರುಗಳಿಗೆ ಸಮಾನವಾದ ತಳರಚನೆಯಾದ ‘ಪ್ಯಾಂಥರ್’ ಪ್ಲಾಟ್‌ಫಾರ್ಮ್ ಮೇಲೆಯೇ ಈ ಕಾರು 2011ರವರೆಗೂ ತಯಾರಾಯಿತು. ಅಷ್ಟು ಹೊತ್ತಿಗೆ ಬಹುತೇಕ ಕಂಪನಿಗಳು ಪ್ರತ್ಯೇಕ ಚಾಸಿಯನ್ನು (ಬಾಡಿಯನ್ನು ಹೊರುವ ಕೆಳಗಿನ ಚೌಕಟ್ಟನ್ನು) ಕೈಬಿಟ್ಟು, ಎಂಜಿನ್ನಿನ ಶಕ್ತಿ ಮುಂದಿನ ಚಕ್ರಗಳಿಗೆ ಹೋಗುವ ಹಗುರ ಕಾರುಗಳತ್ತ ಹೊರಳಿ ಎಷ್ಟೋ ಕಾಲವಾಗಿತ್ತು. 2008ರ ಮಾದರಿಯಿಂದ ಅಮೆರಿಕದ ಸಾಮಾನ್ಯ ಗ್ರಾಹಕರಿಗೆ ಇದರ ಮಾರಾಟವೇ ನಿಂತರೂ ಪೊಲೀಸ್ ಇಲಾಖೆಗಳು ಮತ್ತು ಟ್ಯಾಕ್ಸಿ ಮಾಲೀಕರು ಇದನ್ನೇ ಕೊಳ್ಳುತ್ತಿದ್ದರು. ಮನೆಮಂದಿಗೆ ಬೇಡವಾದ ಕಾರು ಹಗಲಿರುಳು ಗಾಡಿ ಓಡಿಸುವವರಿಗೆ ಒಗ್ಗಿದ್ದು ಹೇಗೆ? ಕೊನೆಗೆ ಇದನ್ನು ನಿಲ್ಲಿಸಿದ್ದು ಮಾರುಕಟ್ಟೆಯೋ, ಕಾನೂನೋ? ತಿಳಿದವರು ವಿವರಿಸಬೇಕೆಂದು ಕೋರುತ್ತೇನೆ.

ಉತ್ತರ – ಚಾಸಿಪ್ರಿಯ

ನಿಮ್ಮ ಪ್ರಶ್ನೆಯಲ್ಲಿ ದೋಷವೆಂಬಂತೆ ಕಾಣುವ ಆ ಪ್ರತ್ಯೇಕ ಚಾಸಿಯೇ ಈ ಕಾರಿನ ಬಲವಾಗಿತ್ತು. ಪೊಲೀಸ್ ಕಾರು ಫುಟ್‌ಪಾತಿನ ಅಂಚನ್ನು ಹತ್ತಿ ಇಳಿಯುತ್ತದೆ, ಕೆಲವೊಮ್ಮೆ ಓಡಿಹೋಗುವ ವಾಹನಕ್ಕೆ ಬೇಕೆಂದೇ ತಾಗಿಸಬೇಕಾಗುತ್ತದೆ, ಅದರ ಎಂಜಿನ್ ಗಂಟೆಗಟ್ಟಲೆ ನಿಂತಲ್ಲೇ ಓಡುತ್ತಿರುತ್ತದೆ. ಬಾಡಿ ಬೇರೆ, ಚಾಸಿ ಬೇರೆ ಆಗಿರುವ ಗಾಡಿಯಲ್ಲಿ ಪೆಟ್ಟಾದ ಭಾಗವನ್ನಷ್ಟೇ ಬಿಚ್ಚಿ ಹೊಸದನ್ನು ಜೋಡಿಸಿ ಮತ್ತೆ ರಸ್ತೆಗಿಳಿಸುವುದು ಸುಲಭ. ವರ್ಷಗಳ ಕಾಲ ಬಿಡಿಭಾಗಗಳು ಹೆಚ್ಚು ಬದಲಾಗದ ಕಾರಣ ಇಲಾಖೆಯ ಮೆಕ್ಯಾನಿಕ್‌ಗಳಿಗೆ ಇದರ ನಟ್ಟುಬೋಲ್ಟುಗಳೆಲ್ಲ ಕಂಠಪಾಠವಾಗಿದ್ದವು. ಹಿಂದಿನ ಸೀಟಿನ ಮುಂದೆ ಕೂರಿಸುವ ಜಾಲರಿ ತಡೆಯನ್ನು ಹಳೆಯ ಕಾರಿನಿಂದ ಕಳಚಿ ಹೊಸದಕ್ಕೆ ಹಾಕಬಹುದಿತ್ತು.

ಒಳಗಿನ ವಿನ್ಯಾಸವನ್ನೂ ಗಮನಿಸಿ. ಗೇರ್ ಲಿವರ್ ಸ್ಟೇರಿಂಗ್ ಕಂಬದ ಮೇಲಿದ್ದುದರಿಂದ ಮುಂದಿನ ಎರಡು ಸೀಟುಗಳ ನಡುವಿನ ಜಾಗ ಪೂರ್ತಿ ಖಾಲಿ ಉಳಿಯುತ್ತಿತ್ತು. ರೇಡಿಯೋ, ಸೈರನ್ನಿನ ಸ್ವಿಚ್ಚುಗಳು, ಮುಂದೆ ಬಂದ ಲ್ಯಾಪ್‌ಟಾಪು ಎಲ್ಲವೂ ಅಲ್ಲಿಯೇ ಕೈಗೆಟುಕುವಂತೆ ಕುಳಿತವು. ಇಂಥ ಸಣ್ಣ ಅನುಕೂಲಗಳ ಬೆಲೆ, ಇಡೀ ಪಾಳಿಯನ್ನು ಕಾರಿನಲ್ಲೇ ಕಳೆಯುವವರಿಗೆ ಮಾತ್ರ ಗೊತ್ತು.

ಆದರೆ 32 ವರ್ಷ ಒಂದೇ ಕಾರು ಬಂತೆಂದು ಭಾವಿಸಬಾರದು. ಹೆಸರು 1955ರದು; ಆಗ ಅದು ಛಾವಣಿಗೆ ಅಡ್ಡಲಾಗಿ ಕ್ರೋಮ್ ಪಟ್ಟಿಯಿದ್ದ ಎರಡು ಬಾಗಿಲಿನ ಫೇರ್‌ಲೇನ್ ಕಾರಿನದಾಗಿತ್ತು. 1980ರ ಮಾದರಿಯಲ್ಲಿ ಫೋರ್ಡಿನ ದೊಡ್ಡ ಕಾರುಗಳಾದ ಎಲ್‌ಟಿಡಿ ಸಾಲಿನ ಮೇಲ್ದರ್ಜೆಯ ಕಾರಿಗಾಗಿ ಆ ಹೆಸರು ಮರಳಿತು. 1992ರ ಮಾದರಿಗೆ ದುಂಡನೆಯ ಹೊಸ ಬಾಡಿಯೂ 4.6 ಲೀಟರಿನ ವಿ-8 (ಎಂಟು ಸಿಲಿಂಡರಿನ) ಎಂಜಿನ್ನೂ ಬಂದವು. ಆ ವರ್ಷ ಮುಂಭಾಗದಲ್ಲಿ ಗ್ರಿಲ್ ಇರಲಿಲ್ಲ, ಮರುವರ್ಷವೇ ಸೇರಿಸಿದರು. 1998ರಲ್ಲಿ ಹಿಂದಿನ ಆಕ್ಸಲ್ ಅಕ್ಕಪಕ್ಕಕ್ಕೆ ಸರಿಯದಂತೆ ಹಿಡಿಯುವ ವ್ಯಾಟ್ ಲಿಂಕೇಜ್ ಅಳವಡಿಸಿದರು. 2003ರಲ್ಲಿ ಚಾಸಿಯನ್ನೇ ಹೊಸದಾಗಿ ರೂಪಿಸಿ, ಹಲ್ಲಿನ ಸರಳಿನ ಮೂಲಕ ಚಕ್ರಗಳನ್ನು ತಿರುಗಿಸುವ ರ‍್ಯಾಕ್ ಅಂಡ್ ಪಿನಿಯನ್ ಸ್ಟೇರಿಂಗ್ ಕೊಟ್ಟರು. ನನ್ನ ದೃಷ್ಟಿಯಲ್ಲಿ ಓಡಿಸುವವನಿಗೆ ನಿಜವಾದ ವ್ಯತ್ಯಾಸ ಗೊತ್ತಾಗಿದ್ದು ಈ ಕೊನೆಯ ಬದಲಾವಣೆಯಲ್ಲಿ.

ಇನ್ನೊಂದು ಕಾರಣ ಎದುರಾಳಿ ಕಣ ಬಿಟ್ಟದ್ದು. ಷೆವ್ರೊಲೆ ಕಪ್ರೀಸ್ 1996ರಲ್ಲಿ ನಿಂತಿತು. ಅದು ತಯಾರಾಗುತ್ತಿದ್ದ ಟೆಕ್ಸಸ್‌ನ ಆರ್ಲಿಂಗ್ಟನ್ ಕಾರ್ಖಾನೆಯನ್ನು ಜನರಲ್ ಮೋಟರ್ಸ್ ಹೆಚ್ಚು ಲಾಭದ ಟ್ರಕ್ಕು ಮತ್ತು ಎಸ್‌ಯುವಿಗಳಿಗೆ ಮೀಸಲಿಟ್ಟಿತು. ಆ ಬಳಿಕ ಹಲವು ವರ್ಷ ವಿ-8 ಎಂಜಿನ್, ಹಿಂಚಕ್ರ ಚಾಲನೆ, ಪ್ರತ್ಯೇಕ ಚಾಸಿ ಮೂರೂ ಬೇಕೆಂದ ಇಲಾಖೆಗೆ ಫೋರ್ಡ್ ಬಿಟ್ಟರೆ ಬೇರೆ ಗತಿಯಿರಲಿಲ್ಲ.

ಉತ್ತರ – ಮೈಲೇಜ್ ಲೆಕ್ಕಿಗ

ಕಾನೂನಿನ ಪಾತ್ರದ ಬಗ್ಗೆ ನಾನು ಬರೆಯುತ್ತೇನೆ. 1973ರ ತೈಲ ಬಿಕ್ಕಟ್ಟಿನ ನಂತರ ಅಮೆರಿಕದ ಸಂಸತ್ತು 1975ರಲ್ಲಿ ಮಾಡಿದ ಕಾಯ್ದೆಯ ಪ್ರಕಾರ ಪ್ರತಿ ಕಂಪನಿಯೂ ತಾನು ಮಾರುವ ಕಾರುಗಳ ಸರಾಸರಿ ಮೈಲೇಜನ್ನು ನಿಗದಿತ ಮಟ್ಟದಲ್ಲಿ ಕಾಯ್ದುಕೊಳ್ಳಬೇಕಿತ್ತು, ಅದೂ ದೇಶೀಯ ಕಾರುಗಳಿಗೆ ಮತ್ತು ಆಮದು ಕಾರುಗಳಿಗೆ ಪ್ರತ್ಯೇಕವಾಗಿ. ಪ್ಯಾಂಥರ್ ಕಾರುಗಳು ಹಿಂದಿನ ಎಲ್‌ಟಿಡಿಗಿಂತ ಚಿಕ್ಕವಾಗಿ, ಹಗುರವಾಗಿ ಹುಟ್ಟಿದ್ದೇ ಈ ಒತ್ತಡದಿಂದ. 1992ರ ಮಾದರಿಯಲ್ಲಿ ಫೋರ್ಡ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಹೊರದೇಶದ ಬಿಡಿಭಾಗಗಳನ್ನು ಹೆಚ್ಚಿಸಿ ದೇಶೀಯ ಪಾಲನ್ನು ಶೇ. 75ಕ್ಕಿಂತ ಕೆಳಗಿಳಿಸಿತು. ಆಗ ಕಾನೂನಿನ ಕಣ್ಣಿಗೆ ಕ್ರೌನ್ ವಿಕ್ಟೋರಿಯ ಆಮದು ಕಾರಾಯಿತು. ದಕ್ಷಿಣ ಕೊರಿಯಾದಿಂದ ಬರುತ್ತಿದ್ದ ಪುಟ್ಟ ಫೆಸ್ಟಿವಾ ಕಾರಿನ ಮೈಲೇಜ್ ಇದರ ಕೊರತೆಯನ್ನು ತುಂಬಿಕೊಟ್ಟಿತು. ಅಮೆರಿಕದ ಪೊಲೀಸರ ಗುರುತೇ ಆಗಿದ್ದ ಕಾರಿಗೆ ಇಂಥ ದಾರಿ ಹಿಡಿಯಬೇಕಾಗಿ ಬಂದದ್ದು ಆ ನಿಯಮದ ಬಹುದೊಡ್ಡ ಲೋಪವೆಂದು ನಾನು ತಿಳಿಯುತ್ತೇನೆ.

ಕೊನೆಯ ಹಂತದಲ್ಲಿ ಬಂದದ್ದು ಸುರಕ್ಷತೆಯ ನಿಯಮ. 2012ರ ಮಾದರಿಯಿಂದ ಎಲ್ಲ ಹೊಸ ಕಾರುಗಳಲ್ಲೂ, ಕಾರು ಜಾರಿ ಹಿಡಿತ ತಪ್ಪಿದಾಗ ತಾನಾಗಿಯೇ ಬ್ರೇಕ್ ಹಾಕಿ ಸರಿಪಡಿಸುವ ಎಲೆಕ್ಟ್ರಾನಿಕ್ ಸ್ಟೆಬಿಲಿಟಿ ಕಂಟ್ರೋಲ್ ಕಡ್ಡಾಯವಾಯಿತು. ಕ್ರೌನ್ ವಿಕ್ಟೋರಿಯದಲ್ಲಿ ಅದು ಇರಲಿಲ್ಲ. ಅಳವಡಿಸಲು ಸಾಧ್ಯವೇ ಇರಲಿಲ್ಲ ಎನ್ನಲಾರೆ, ಆದರೆ ಸಾಮಾನ್ಯ ಗ್ರಾಹಕರು ಆಗಲೇ ಎಸ್‌ಯುವಿಗಳತ್ತ ಹೋಗಿದ್ದಾಗ ಅಷ್ಟು ಹಳೆಯ ವಿನ್ಯಾಸಕ್ಕೆ ಹಣ ಸುರಿಯಲು ಕಂಪನಿಗೆ ಕಾರಣ ಉಳಿದಿರಲಿಲ್ಲ. ಹಾಗಾಗಿ ಮಾರುಕಟ್ಟೆ ಕಾರನ್ನು ಬಡವಾಗಿಸಿತು, ನಿಯಮ ದಿನಾಂಕ ಗೊತ್ತುಮಾಡಿತು ಎಂಬುದು ನನ್ನ ಅಭಿಪ್ರಾಯ. ಕೆನಡಾದ ಒಂಟಾರಿಯೋದ ಸೇಂಟ್ ಥಾಮಸ್ ಕಾರ್ಖಾನೆಯಿಂದ ಕೊನೆಯ ಕಾರು 2011ರ ಸೆಪ್ಟೆಂಬರ್ 15ರಂದು ಹೊರಬಂತು, ಅದರೊಂದಿಗೆ ಕಾರ್ಖಾನೆಯೂ ಮುಚ್ಚಿತು.

ಮರುಪ್ರಶ್ನೆ – ಹಳೆಗಾಡಿ

ಇಬ್ಬರಿಗೂ ಧನ್ಯವಾದಗಳು. ಹಿಂದಿನಿಂದ ಡಿಕ್ಕಿಯಾದಾಗ ಈ ಕಾರಿಗೆ ಬೆಂಕಿ ಹತ್ತಿಕೊಳ್ಳುತ್ತಿತ್ತು ಎಂಬ ಆರೋಪದಲ್ಲಿ ಹುರುಳಿದೆಯೇ?

ಉತ್ತರ – ಚಾಸಿಪ್ರಿಯ

ಇದೆ, ಮತ್ತು ಈ ಕಾರನ್ನು ಮೆಚ್ಚುವ ನಮ್ಮಂಥವರು ಅದನ್ನು ಮರೆಮಾಚಬಾರದು. ಪೆಟ್ರೋಲ್ ಟ್ಯಾಂಕು ಹಿಂದಿನ ಆಕ್ಸಲ್‌ಗೂ ಸಾಮಾನಿಡುವ ಡಿಕ್ಕಿಗೂ ನಡುವೆ ನಿಂತಿತ್ತು. ಹೆದ್ದಾರಿಯ ಬದಿಯಲ್ಲಿ ನಿಂತ ಪೊಲೀಸ್ ಕಾರಿಗೆ ಅತಿವೇಗದ ವಾಹನ ಹಿಂದಿನಿಂದ ಬಡಿದಾಗ, ಆಕ್ಸಲಿನ ಬಳಿಯ ಚೂಪಾದ ಭಾಗಗಳಾಗಲಿ ಡಿಕ್ಕಿಯಲ್ಲಿದ್ದ ಸಲಕರಣೆಗಳಾಗಲಿ ಟ್ಯಾಂಕನ್ನು ಸೀಳುವ ಅಪಾಯವಿತ್ತು. ಹಾಗೆ ಬೆಂಕಿಗೆ ಸಿಕ್ಕಿ ಅಧಿಕಾರಿಗಳು ಪ್ರಾಣ ಕಳೆದುಕೊಂಡಿದ್ದಾರೆ. ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆ 2002ರಲ್ಲಿ ತನಿಖೆಯನ್ನು ಮುಗಿಸಿ ಕಾರುಗಳನ್ನು ವಾಪಸು ಕರೆಸುವ ಆದೇಶ ನೀಡಲಿಲ್ಲ. ಆದರೂ ಫೋರ್ಡ್ ಪೊಲೀಸ್ ಕಾರುಗಳ ಟ್ಯಾಂಕಿನ ಸುತ್ತ ರಕ್ಷಣಾ ಕವಚಗಳನ್ನು ಹಾಕಿಕೊಟ್ಟಿತು, 2005ರ ಮಾದರಿಯಿಂದ ಬೆಂಕಿ ನಂದಿಸುವ ವ್ಯವಸ್ಥೆಯನ್ನೂ ಬೇಕೆಂದವರಿಗೆ ಒದಗಿಸಿತು. ಇದರ ಜಾಗಕ್ಕೆ ಬಂದ, ಫೋರ್ಡಿನದೇ ಟಾರಸ್ ಕಾರು ಆಧಾರಿತ ಪೊಲೀಸ್ ಸೆಡಾನ್‌ನಲ್ಲಿ ಟ್ಯಾಂಕು ಹಿಂದಿನ ಆಕ್ಸಲಿನ ಮುಂದಕ್ಕೆ ಸರಿದಿತ್ತು.