ಅಪ್‌ಡೇಟ್: ನೇತ್ರಾಣಿಗೆ ಚಿಕ್ಕ ಡೈವ್ ಟಾರ್ಚ್ ತಗೊಂಡೆ

ನೇತ್ರಾಣಿ ದ್ವೀಪದ ಹತ್ತಿರ ಡೈವಿಂಗ್‌ಗೆ ಅಂಗೈಯಗಲದ ಟಾರ್ಚ್ ಬೇಕು, ಬೆಳಕು ಅಗಲವಾಗಿ ಹರಡುವುದು ತಗೊಳ್ಳಲೋ ನೇರ ಹೋಗುವುದೋ ಅಂತ ಕೇಳಿದ್ದೆ. ಹೇಳಿಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನೇರ ಬೆಳಕಿನದೇ ತಗೊಂಡೆ. 1000 ಲುಮೆನ್ ಬೆಳಕು, ಒಂದೇ 18650 ಸೆಲ್ (ಚಾರ್ಜ್ ಮಾಡಬಹುದಾದ ಲಿಥಿಯಂ ಬ್ಯಾಟರಿ).

ಮುರುಡೇಶ್ವರದಿಂದ ದೋಣಿ ಹೊರಟ ದಿನ ನೀರು ಸ್ವಲ್ಪ ಮಬ್ಬಾಗಿತ್ತು. ಜೊತೆಗಿದ್ದವರ ಅಗಲ ಬೆಳಕು ತೇಲುವ ಕಣಗಳಿಗೆ ತಾಗಿ, ಘಾಟಿಯ ಮಂಜಿನಲ್ಲಿ ಹೈಬೀಮ್ ಹಾಕಿದ ಹಾಗೆ, ಅವರ ಕಣ್ಣಿಗೇ ಹೊಡೀತಿತ್ತು. ನನ್ನದು ಬಂಡೆಯ ಸಂದಿಗೆ ಸೀದಾ ಹೋಯ್ತು. ನೀರು ಮೊದಲು ನುಂಗುವುದು ಕೆಂಪು ಬಣ್ಣವನ್ನು. 12 ಮೀಟರ್ ಆಳದಲ್ಲಿ ಬೂದು ಕಲ್ಲು ಅಂದುಕೊಂಡಿದ್ದ ಸ್ಪಂಜು ಬೆಳಕು ಬಿದ್ದೊಡನೆ ಕುಂಕುಮದಷ್ಟು ಕೆಂಪಾಯ್ತು. ಎಷ್ಟು ಹೊತ್ತು ಅಲ್ಲೇ ಇದ್ದೆನೋ!

ಟಾರ್ಚ್ ಜೊತೆ ಬಂದ ಕೈದಾರ ಬಿಚ್ಚಿಹಾಕಿ ಬೋಲ್ಟ್ ಸ್ನ್ಯಾಪ್ (ಸ್ಪ್ರಿಂಗ್ ಇರುವ ಲೋಹದ ಕೊಕ್ಕೆ) ಕಟ್ಟಿದೆ, ಎದೆಪಟ್ಟಿಯಲ್ಲಿರುವ ಡಿ ಆಕಾರದ ಬಳೆಗೆ ಸಿಕ್ಕಿಸ್ತೀನಿ. ಟಾರ್ಚ್‌ಗೂ ಕೊಕ್ಕೆಗೂ ನಡುವೆ ನೈಲಾನ್ ದಾರವೇ ಇರಲಿ ಅಂದಿದ್ದಿರಿ, ಎಲ್ಲಾದರೂ ಸಿಕ್ಕಿಕೊಂಡರೆ ಕತ್ತರಿಸಬಹುದು ಅಂತ. ಹಾಗೇ ಮಾಡಿದೆ.

ಹಳೇ ಟಾರ್ಚಿಗೆ ನೀರು ನುಗ್ಗಿದ್ದಕ್ಕೂ ಕಾರಣ ಸಿಕ್ತು. ನೀರು ಒಳಗೆ ಬರದಂತೆ ತಡೆಯುವ ರಬ್ಬರ್ ಬಳೆ, ಓ-ರಿಂಗ್‌ಗೆ ಅಡ್ಡಲಾಗಿ ಒಂದೇ ಒಂದು ಕೂದಲು! ಈಗ ಸೆಲ್ ಹಾಕುವಾಗಲೆಲ್ಲ ರಿಂಗನ್ನು ಬೆರಳಿಂದಲೇ ತೆಗೀತೀನಿ, ಪಿನ್ನು ತಾಗಿಸಲ್ಲ. ಒರೆಸಿ, ಬರೀ ಮಿನುಗುವಷ್ಟು ಸಿಲಿಕೋನ್ ಗ್ರೀಸ್ ಸವರಿ, ಬೆಳಕಿಗೆ ಹಿಡಿದು ಸುತ್ತಲೂ ನೋಡ್ತೀನಿ.

ಮುಂದಿನ ಸಲ ಅಂಡಮಾನ್‌ನಲ್ಲಿ ರಾತ್ರಿ ಡೈವ್ ಇದೆ. ಅದಕ್ಕೆ ಬ್ಯಾಕಪ್ ಟಾರ್ಚ್ ಹುಡುಕ್ತಿದ್ದೀನಿ.